ಸೂರು, ಹೊಳೆ, ನ್ಯಾಯಪೀಠ

ಲಂಡನ್ ನಗರದ ಪಶ್ಚಿಮ ಭಾಗದಲ್ಲಿ, ಥೇಮ್ಸ್ ನದಿಯ ದಡಕ್ಕೆ ತಾಗಿಕೊಂಡಂತೆ, ಕ್ರೇವನ್ ಕಾಟೇಜ್ ಎಂಬ ಫುಟ್‌ಬಾಲ್ ಮೈದಾನವಿದೆ. ಫುಲಂ ಕ್ಲಬ್ಬಿನ ತವರು ಅದು. ಅಲ್ಲಿನ ಹಳೆಯ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿ, ಜೊತೆಗೆ ಬಹುಮಹಡಿ ವಸತಿ ಕಟ್ಟಡಗಳನ್ನೂ ಎಬ್ಬಿಸುವ ಯೋಜನೆಯೊಂದು 1990ರ ದಶಕದಲ್ಲಿ ತಯಾರಾಯಿತು. ಬಹಿರಂಗ ವಿಚಾರಣೆ ನಡೆಯಿತು, ತಕರಾರುಗಳನ್ನು ಕೇಳಲಾಯಿತು. 1996ರಲ್ಲಿ ಪರಿಸರ ಖಾತೆಯ ಸಚಿವರಿಂದ ಅನುಮತಿಯೂ ಸಿಕ್ಕಿತು. ಆದರೆ 2000ದ ಜುಲೈ ತಿಂಗಳಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಅನುಮತಿಯನ್ನು ರದ್ದುಪಡಿಸಿತು.

ದಾವೆ ಹೂಡಿದ್ದವರು ಅದೇ ಪ್ರದೇಶದ ನಿವಾಸಿ ಲೇಡಿ ಬಾರ್ಕ್ಲಿ. ಕಟ್ಟಡಗಳಿಂದ ನದಿ ಹಾಳಾಗುವುದು ಖಚಿತ ಎಂದು ನ್ಯಾಯಪೀಠ ಹೇಳಲಿಲ್ಲ. ಕೆಳಗಿನ ನ್ಯಾಯಾಲಯಗಳಂತೂ, ಎಲ್ಲ ವಿಷಯಗಳೂ ವಿಚಾರಣೆಯಲ್ಲಿ ಚರ್ಚೆಯಾಗಿರುವುದರಿಂದ ಇನ್ನೊಂದು ವರದಿ ಬಂದಿದ್ದರೂ ಫಲಿತಾಂಶ ಅದೇ ಆಗುತ್ತಿತ್ತು ಎಂದು ಅರ್ಜಿಯನ್ನು ತಳ್ಳಿಹಾಕಿದ್ದವು. ಲಾರ್ಡ್ಸ್ ಪೀಠ ಹಿಡಿದದ್ದು ಬೇರೆಯೇ ಎಳೆಯನ್ನು. ಈ ಯೋಜನೆಗೆ ಪರಿಸರ ಪರಿಣಾಮದ ಅಂದಾಜು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಸಚಿವರು ತಮಗೆ ತಾವೇ ಕೇಳಿಕೊಂಡಿರಲೇ ಇಲ್ಲ. ಕೇಳಿಕೊಳ್ಳುವುದು ಯುರೋಪಿನ ಕಾನೂನಿನ ಪ್ರಕಾರ ಅವರ ಕರ್ತವ್ಯವಾಗಿತ್ತು. ಆ ಒಂದು ಲೋಪ ಸಾಕಾಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತು ಯುರೋಪಿನ ಬಿಲ್ಡರುಗಳಿಗೆ ಗೊತ್ತಿರಲಾರದು. ಅದರ ಅರ್ಥವನ್ನು ಮಾತ್ರ ಅವರು ಕಳೆದ ಕೆಲವು ದಶಕಗಳಲ್ಲಿ ಚೆನ್ನಾಗಿ ಕಲಿತಿದ್ದಾರೆ. ಹಕ್ಕಿ, ಚಿಪ್ಪು, ಜೌಗು ನೆಲ, ಹೊಲದ ಬಿಲದಲ್ಲಿರುವ ಇಲಿಯಂಥ ಪ್ರಾಣಿ, ಇವುಗಳ ಹೆಸರಿನಲ್ಲಿ ಸಾವಿರಾರು ಮನೆಗಳ ಪರವಾನಗಿ ನ್ಯಾಯಾಲಯದ ಮೆಟ್ಟಿಲೇರಿದೆ. ಮನೆ ಸಿಗದೆ ಬಾಡಿಗೆಯಲ್ಲಿ ಬೇಯುತ್ತಿರುವ ಯುವ ಕುಟುಂಬಗಳು ಒಂದು ಕಡೆ. ಒಮ್ಮೆ ಹೋದರೆ ಮರಳಿ ಬಾರದ ಹೊಳೆ, ಬಯಲುಗಳು ಇನ್ನೊಂದು ಕಡೆ. ಈ ಎರಡರ ನಡುವೆ ನ್ಯಾಯಪೀಠ ಕುಳಿತದ್ದು ಹೇಗೆ? ಅದು ಮಾಡುತ್ತಿರುವುದಾದರೂ ಏನು?

ಮೊದಲು ತಿಳಿ, ಆಮೇಲೆ ಸಹಿ ಹಾಕು

ದೊಡ್ಡ ಕಾಮಗಾರಿಗೆ ಒಪ್ಪಿಗೆ ಕೊಡುವ ಮುನ್ನ ಅದರಿಂದ ಪರಿಸರಕ್ಕೆ ಏನಾಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕಂಡುಕೊಳ್ಳಬೇಕೆಂಬ ನಿಯಮ ಹುಟ್ಟಿದ್ದು ಅಮೆರಿಕದಲ್ಲಿ, 1969ರ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಿಂದ. ಆಗಿನ ಯುರೋಪಿಯನ್ ಸಮುದಾಯ 1985ರಲ್ಲಿ ಇದೇ ವಿಚಾರವನ್ನು ತನ್ನ ನಿರ್ದೇಶನವಾಗಿ ಹೊರಡಿಸಿತು. ಸದಸ್ಯ ರಾಷ್ಟ್ರಗಳು 1988ರ ಜುಲೈ ಒಳಗೆ ಅದನ್ನು ತಮ್ಮ ಕಾನೂನಿಗೆ ಇಳಿಸಿಕೊಳ್ಳಬೇಕಿತ್ತು.

ಈ ನಿರ್ದೇಶನದಲ್ಲಿ ಎರಡು ಪಟ್ಟಿಗಳಿವೆ. ತೈಲ ಶುದ್ಧೀಕರಣ ಘಟಕ, ದೊಡ್ಡ ವಿದ್ಯುತ್ ಸ್ಥಾವರ, ಹೆದ್ದಾರಿ ಮುಂತಾದವು ಮೊದಲ ಪಟ್ಟಿಯಲ್ಲಿವೆ. ಇವುಗಳಿಗೆ ಅಂದಾಜು ಕಡ್ಡಾಯ. ಎರಡನೆಯ ಪಟ್ಟಿಯಲ್ಲಿರುವ ಕಾಮಗಾರಿಗಳನ್ನು ಮೊದಲು ಜರಡಿ ಹಿಡಿಯಬೇಕು. ಅದರ ಗಾತ್ರ, ಸ್ವರೂಪ, ಜಾಗ ನೋಡಿ ಗಣನೀಯ ಪರಿಣಾಮ ಆಗಬಹುದೆನಿಸಿದರೆ ಅಂದಾಜು ಮಾಡಿಸಬೇಕು. ನಗರ ಬೆಳವಣಿಗೆಯ ಯೋಜನೆಗಳು, ಅಂದರೆ ವಸತಿ ಬಡಾವಣೆಗಳು ಬರುವುದು ಈ ಎರಡನೆಯ ಪಟ್ಟಿಯಲ್ಲಿ. ಹೀಗಾಗಿ ಮನೆಗಳ ವಿಚಾರದಲ್ಲಿ ಜಗಳವೆಲ್ಲ ಜರಡಿಯ ಸುತ್ತಲೇ ನಡೆಯುತ್ತದೆ. ಜರಡಿ ಹಿಡಿದರೇ? ಸರಿಯಾಗಿ ಹಿಡಿದರೇ? ಕಾರಣ ಬರೆದಿಟ್ಟರೇ?

ಫುಲಂ ಪ್ರಕರಣದಲ್ಲಿ ಮುಖ್ಯ ತೀರ್ಪು ಬರೆದವರು ಲಾರ್ಡ್ ಹಾಫ್‌ಮನ್. ಅಂದಾಜು ಇರುವುದು ಅಧಿಕಾರಿಗೆ ಮಾಹಿತಿ ಒದಗಿಸುವುದಕ್ಕಷ್ಟೇ ಅಲ್ಲ ಎಂಬುದು ಅವರ ವಾದದ ತಿರುಳು. ಸಾಮಾನ್ಯ ಜನರೂ ಎಲ್ಲ ವಿವರವನ್ನು ಒಂದೇ ಕಡೆ, ತಿಳಿಯುವ ಮಾತಿನಲ್ಲಿ ಓದಿ ಅಭಿಪ್ರಾಯ ಹೇಳುವ ಹಕ್ಕು ಅದರಲ್ಲಿ ಅಡಗಿದೆ. ಆ ಅಭಿಪ್ರಾಯ ತಪ್ಪೇ ಇರಬಹುದು. ಹೇಳುವ ಹಕ್ಕು ಮಾತ್ರ ತಪ್ಪುವುದಿಲ್ಲ. ಮಾಹಿತಿಯ ಚೂರುಗಳು ಹತ್ತಾರು ಕಡತಗಳಲ್ಲಿ ಚದುರಿದ್ದು, ಬೇಕಾದವರು ಹುಡುಕಿ ಜೋಡಿಸಿಕೊಳ್ಳಲಿ ಎಂದರೆ ಕಾನೂನು ಪಾಲಿಸಿದಂತಾಗದು.

ನಂತರದ ವರ್ಷಗಳಲ್ಲಿ ಬ್ರಿಟನ್ನಿನ ನ್ಯಾಯಾಲಯಗಳು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿದ್ದುಂಟು. ಲೋಪ ನಡೆದಿದ್ದರೂ ಜನರ ಹಕ್ಕಿಗೆ ನಿಜವಾದ ನಷ್ಟವಾಗಿಲ್ಲವೆಂದು ಕಂಡರೆ ಅನುಮತಿಯನ್ನು ಉಳಿಸುವ ವಿವೇಚನೆ ನ್ಯಾಯಾಲಯಕ್ಕಿದೆ ಎಂದು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಮೂಲಸೂತ್ರ ಬದಲಾಗಲಿಲ್ಲ.

ಲಕ್ಸೆಂಬರ್ಗ್‌ನಿಂದ ಊರಿನ ಕೋರ್ಟಿಗೆ

ಬ್ರಸೆಲ್ಸ್‌ನಲ್ಲಿ ಮಾಡಿದ ನಿಯಮವನ್ನು ಹಿಡಿದು ಯಾವುದೋ ಊರಿನ ನಿವಾಸಿ ತನ್ನದೇ ಸರ್ಕಾರದ ವಿರುದ್ಧ ದಾವೆ ಹೂಡುವುದು ಹೇಗೆ ಸಾಧ್ಯ? ಇದರ ಬೇರು 1963ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಯುರೋಪಿನ ನ್ಯಾಯಾಲಯ, ಸಮುದಾಯದ ಕಾನೂನು ಸರ್ಕಾರಗಳ ನಡುವಿನ ಒಪ್ಪಂದ ಮಾತ್ರವಲ್ಲ, ಪ್ರಜೆಗಳಿಗೂ ನೇರವಾಗಿ ಹಕ್ಕು ಕೊಡಬಲ್ಲದು ಎಂದು ತೀರ್ಮಾನಿಸಿತು. ಆ ಹಕ್ಕನ್ನು ಕಾಪಾಡುವ ಹೊಣೆ ಆಯಾ ದೇಶದ ನ್ಯಾಯಾಲಯಗಳದ್ದೇ.

ಕಾನೂನಿನ ಅರ್ಥದ ಬಗ್ಗೆ ಸಂದೇಹ ಬಂದಾಗ ದೇಶದ ನ್ಯಾಯಾಧೀಶರು ವ್ಯಾಜ್ಯವನ್ನು ತಡೆದಿಟ್ಟು, ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ನ್ಯಾಯಾಲಯಕ್ಕೆ ಪ್ರಶ್ನೆ ಬರೆದು ಕಳಿಸುತ್ತಾರೆ. ಅಲ್ಲಿಂದ ಬರುವ ಉತ್ತರ ಆ ಒಂದು ದೇಶಕ್ಕಷ್ಟೇ ಅಲ್ಲ, ಒಕ್ಕೂಟದ ಎಲ್ಲ ದೇಶಗಳಿಗೂ ಅನ್ವಯಿಸುತ್ತದೆ. ಐರ್ಲೆಂಡಿನ ಹೊಳೆಯೊಂದರ ಚಿಪ್ಪಿನ ಬಗ್ಗೆ ಬಂದ ಉತ್ತರ ಇಂಗ್ಲೆಂಡಿನ ಬಡಾವಣೆಗಳನ್ನು ತಟ್ಟಿದ್ದು ಈ ದಾರಿಯಲ್ಲೇ. ಬ್ರಿಟನ್ 2020ರ ಜನವರಿ ಕೊನೆಗೆ ಒಕ್ಕೂಟದಿಂದ ಹೊರಬಂದಿತು. ಆದರೆ ಈ ನಿರ್ದೇಶನಗಳನ್ನು ಜಾರಿಗೊಳಿಸುವ ತನ್ನ ನಿಯಮಾವಳಿಗಳನ್ನು ಅದು ಕೈಬಿಡಲಿಲ್ಲ.

ಕುರುಚಲು ಬಯಲಿನ ಮೂರು ಹಕ್ಕಿಗಳು

ಮನೆಗಳಿಗೆ ಹೆಚ್ಚು ಅಡ್ಡ ಬಂದದ್ದು ಅಂದಾಜಿನ ನಿರ್ದೇಶನವಲ್ಲ. 1979ರ ಪಕ್ಷಿ ನಿರ್ದೇಶನ ಮತ್ತು 1992ರ ಜೀವಿನೆಲೆ ನಿರ್ದೇಶನ. ಇವುಗಳ ಅಡಿಯಲ್ಲಿ ಗುರುತಿಸಿದ ತಾಣಗಳ ಜಾಲಕ್ಕೆ ನ್ಯಾಚುರಾ 2000 ಎಂದು ಹೆಸರು. ಇಂದು ಅದರಲ್ಲಿ ಸುಮಾರು 27 ಸಾವಿರ ತಾಣಗಳಿವೆ. ಒಕ್ಕೂಟದ ನೆಲದ ಶೇ 18ಕ್ಕಿಂತ ಹೆಚ್ಚು ಭಾಗ ಅವುಗಳೊಳಗಿದೆ.

ಮೊದಲಿನ ನಿರ್ದೇಶನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಪರಿಣಾಮದ ಅಂದಾಜು ಮಾಡಿದ ಮೇಲೆ, ಹಾನಿ ಇದೆಯೆಂದು ಗೊತ್ತಾದರೂ ಅಧಿಕಾರಿ ಅನುಮತಿ ಕೊಡಬಹುದು. ತಿಳಿದು ಕೊಟ್ಟರೆ ಸಾಕು. ಜೀವಿನೆಲೆ ನಿರ್ದೇಶನದ 6ನೇ ವಿಧಿ ಅಷ್ಟಕ್ಕೆ ಬಿಡುವುದಿಲ್ಲ. ತಾಣದ ಸ್ವಾಸ್ಥ್ಯಕ್ಕೆ ಧಕ್ಕೆ ಇಲ್ಲವೆಂದು ಖಚಿತವಾದ ಮೇಲೆಯೇ ಒಪ್ಪಿಗೆ. ಧಕ್ಕೆ ಇದ್ದೂ ಮುಂದುವರಿಯಬೇಕೆಂದರೆ ಬೇರೆ ದಾರಿಯೇ ಇಲ್ಲವೆಂದು ತೋರಿಸಬೇಕು, ಸಾರ್ವಜನಿಕ ಹಿತದ ತುರ್ತು ಕಾರಣ ಕೊಡಬೇಕು, ಕಳೆದುಹೋಗುವುದಕ್ಕೆ ಬದಲಿ ನೆಲೆಯನ್ನೂ ಒದಗಿಸಬೇಕು.

ಖಚಿತ ಎಂದರೆ ಎಷ್ಟು ಖಚಿತ? ಉತ್ತರ ಬಂದದ್ದು ನೆದರ್‌ಲ್ಯಾಂಡ್ಸಿನ ವಾಡೆನ್ ಸಮುದ್ರದಿಂದ. ಕರಾವಳಿಯ ಮರುವಾಯಿಯನ್ನು ಹೋಲುವ ಕಾಕಲ್ ಎಂಬ ಚಿಪ್ಪನ್ನು ಯಂತ್ರದಿಂದ ಕೆರೆದು ತೆಗೆಯುವ ಪರವಾನಗಿಯ ಬಗ್ಗೆ ಅಲ್ಲಿ ವ್ಯಾಜ್ಯವಿತ್ತು. 2004ರ ಸೆಪ್ಟೆಂಬರಿನಲ್ಲಿ ಲಕ್ಸೆಂಬರ್ಗ್ ಕೊಟ್ಟ ತೀರ್ಪು ಹೀಗಿದೆ: ಹಾನಿಯಾಗದು ಎಂಬುದರ ಬಗ್ಗೆ ಸಕಾರಣವಾದ ವೈಜ್ಞಾನಿಕ ಸಂದೇಹ ಉಳಿಯಬಾರದು, ಉಳಿದರೆ ಅನುಮತಿ ಇಲ್ಲ. ಹಾನಿಯನ್ನು ತಕರಾರುದಾರ ಸಾಬೀತು ಮಾಡಬೇಕಾಗಿಲ್ಲ. ಹಾನಿಯಿಲ್ಲವೆಂಬ ಖಾತ್ರಿ ಅನುಮತಿ ಕೊಡುವವನಿಗೆ ಇರಬೇಕು.

ಈ ಮಾತು ಮನೆಗಳಿಗೆ ಹೇಗೆ ತಗುಲಿತು ಎಂಬುದಕ್ಕೆ ಲಂಡನ್ನಿನ ನೈಋತ್ಯಕ್ಕಿರುವ ಥೇಮ್ಸ್ ಕಣಿವೆಯ ಕುರುಚಲು ಬಯಲುಗಳು ಒಳ್ಳೆಯ ಉದಾಹರಣೆ. ಸರ್ರೆ, ಹ್ಯಾಂಪ್‌ಶೈರ್, ಬಾರ್ಕ್‌ಶೈರ್ ಪ್ರಾಂತ್ಯಗಳಲ್ಲಿ ಹರಡಿರುವ 8 ಸಾವಿರ ಹೆಕ್ಟೇರಿಗೂ ಹೆಚ್ಚಿನ ಈ ಬಯಲನ್ನು 2005ರಲ್ಲಿ ಪಕ್ಷಿ ಸಂರಕ್ಷಣಾ ತಾಣವೆಂದು ಘೋಷಿಸಲಾಯಿತು. ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಪುಟ್ಟ ಹಾಡುಹಕ್ಕಿ, ಇರುಳು ಹಾರುವ ನೈಟ್‌ಜಾರ್, ವುಡ್‌ಲಾರ್ಕ್, ಈ ಮೂರು ಹಕ್ಕಿಗಳು ಅಲ್ಲಿ ನೆಲದ ಮೇಲೋ ನೆಲಕ್ಕೆ ಹತ್ತಿರದ ಪೊದೆಗಳಲ್ಲೋ ಗೂಡು ಮಾಡುತ್ತವೆ.

ಬಯಲಿನ ಮೇಲೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ತೊಂದರೆ ಬಂದದ್ದು ಪಕ್ಕದಲ್ಲಿ ಕಟ್ಟುವ ಮನೆಗಳಿಂದ. ಹೊಸ ಮನೆ ಎಂದರೆ ಹೊಸ ನಾಯಿ. ನಾಯಿ ಎಂದರೆ ಬೆಳಿಗ್ಗೆ ಸಂಜೆ ಬಯಲಿಗೆ ತಿರುಗಾಟ. ನಾಯಿ ಹತ್ತಿರ ಬಂದಾಗ ತಾಯಿಹಕ್ಕಿ ಗೂಡು ಬಿಟ್ಟು ಹಾರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಬೆಕ್ಕುಗಳ ಕಾಟ ಬೇರೆ. ಒಂದು ಮನೆಯಿಂದ ಏನೂ ಆಗದು. ಆದರೆ ಹನಿ ಹನಿ ಗೂಡಿದರೆ ಹಳ್ಳ. ಸರ್ಕಾರದ ನಿಸರ್ಗ ಸಲಹಾ ಸಂಸ್ಥೆ ತಾಣದಿಂದ 5 ಕಿಲೋಮೀಟರ್ ಒಳಗಿನ ಹೊಸ ಮನೆಗಳಿಗೆ ಆಕ್ಷೇಪ ಎತ್ತಿತು. ಹತ್ತಾರು ಸ್ಥಳೀಯ ಸಂಸ್ಥೆಗಳಲ್ಲಿ ಪರವಾನಗಿಗಳು ನಿಂತವು.

ಕೊನೆಗೆ ಸಿಕ್ಕ ಪರಿಹಾರ ಸರಳವಾಗಿತ್ತು. ತಾಣದಿಂದ 400 ಮೀಟರ್ ಒಳಗೆ ಹೊಸ ಮನೆ ಬೇಡ. ಅದರಾಚೆ 5 ಕಿಲೋಮೀಟರ್‌ವರೆಗೆ ಕಟ್ಟುವವರು, ಬರುವ ಪ್ರತಿ ಸಾವಿರ ಜನಕ್ಕೆ ಕನಿಷ್ಠ 8 ಹೆಕ್ಟೇರಿನಂತೆ ಬೇರೆ ಹಸಿರು ಜಾಗವನ್ನು ಒದಗಿಸಬೇಕು. ಜನ ನಾಯಿಯೊಂದಿಗೆ ಹಕ್ಕಿಯ ಬಯಲಿಗೆ ಹೋಗುವ ಬದಲು ಅಲ್ಲಿ ತಿರುಗಾಡಲಿ ಎಂಬುದು ಉದ್ದೇಶ. ಹಾರ್ಟ್ಲಿ ವಿಂಟ್ನಿ ಎಂಬಲ್ಲಿ 170 ಮನೆಗಳ ಬಡಾವಣೆಗೆ ಇಂಥ ಜಾಗದ ಆಧಾರದ ಮೇಲೆ ಸಿಕ್ಕ ಅನುಮತಿಯನ್ನು ಸ್ಥಳೀಯ ಆಡಳಿತವೇ ಪ್ರಶ್ನಿಸಿತು. 2008ರಲ್ಲಿ ಲಂಡನ್ನಿನ ಹೈಕೋರ್ಟ್ ಅನುಮತಿಯನ್ನು ಎತ್ತಿಹಿಡಿಯಿತು.

ಚಿಪ್ಪು ತಂದ ತಿರುವು

ಆ ತೀರ್ಪಿನಲ್ಲಿ ಒಂದು ಸೂಕ್ಷ್ಮವಿತ್ತು. ಹಾನಿ ತಗ್ಗಿಸುವ ಕ್ರಮಗಳನ್ನು ಮೊದಲ ಜರಡಿಯ ಹಂತದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದು ಅದು ಹೇಳಿತ್ತು. ಅಂದರೆ, ಪ್ರತ್ಯೇಕ ಹಸಿರು ಜಾಗ ಕೊಡುತ್ತೇವೆ, ಆದ್ದರಿಂದ ಪರಿಣಾಮವಿಲ್ಲ, ಆದ್ದರಿಂದ ಪೂರ್ಣ ಪರಿಶೀಲನೆಯೂ ಬೇಡ ಎನ್ನಬಹುದಿತ್ತು. ಹತ್ತು ವರ್ಷ ಇಂಗ್ಲೆಂಡಿನ ಕಚೇರಿಗಳಲ್ಲಿ ಇದೇ ರೂಢಿ ನಡೆಯಿತು.

2018ರ ಏಪ್ರಿಲ್‌ನಲ್ಲಿ ಐರ್ಲೆಂಡಿನಿಂದ ಹೋದ ಪ್ರಶ್ನೆಯೊಂದು ಇದನ್ನು ತಲೆಕೆಳಗು ಮಾಡಿತು. ಗಾಳಿ ವಿದ್ಯುತ್ ಘಟಕವೊಂದರ ಕೇಬಲ್ ಹೂಳಲು ನೆಲ ಅಗೆಯಬೇಕಿತ್ತು. ಅಗೆದ ಮಣ್ಣು ಹೊಳೆಗೆ ಇಳಿದರೆ, ನೋರ್ ನದಿಯಲ್ಲಿ ಮಾತ್ರ ಉಳಿದಿರುವ ಸಿಹಿನೀರಿನ ಮುತ್ತಿನ ಚಿಪ್ಪಿನ ಬಗೆಯೊಂದಕ್ಕೆ ಅಪಾಯ. ಮಣ್ಣು ಇಳಿಯದಂತೆ ಎಚ್ಚರ ವಹಿಸುತ್ತೇವೆ, ಹಾಗಾಗಿ ಪರಿಶೀಲನೆ ಬೇಡ ಎಂಬ ವಾದವನ್ನು ಲಕ್ಸೆಂಬರ್ಗ್ ಒಪ್ಪಲಿಲ್ಲ. ಎಚ್ಚರ ಬೇಕು ಎನ್ನುವುದೇ ಅಪಾಯ ಇರುವುದರ ಗುರುತು. ಆ ಎಚ್ಚರ ಸಾಕೇ ಎಂಬುದನ್ನು ಪೂರ್ಣ ಪರಿಶೀಲನೆಯಲ್ಲಿ ನೋಡಬೇಕೇ ಹೊರತು ಜರಡಿಯಲ್ಲಲ್ಲ ಎಂದು ಅದು ತೀರ್ಪಿತ್ತಿತು. ಇಂಗ್ಲೆಂಡಿನ ಹತ್ತು ವರ್ಷದ ರೂಢಿ ಆ ದಿನಕ್ಕೆ ಮುಗಿಯಿತು.

ಹಾಗಾದರೆ ಪ್ರತಿ ಮನೆಯ ಮಳೆನೀರು ಚರಂಡಿಯೂ ಹಾನಿ ತಗ್ಗಿಸುವ ಕ್ರಮವೇ? ಐರ್ಲೆಂಡಿನ ಮೀತ್ ಪ್ರಾಂತ್ಯದ ಟ್ರಿಮ್ ಪಟ್ಟಣದಲ್ಲಿ 320 ಮನೆಗಳ ಯೋಜನೆಗೆ ಕೊಟ್ಟ ಅನುಮತಿಯ ವಿರುದ್ಧ ಈ ಪ್ರಶ್ನೆ ಎದ್ದಿತು. ಹತ್ತಿರದ ಬಾಯ್ನ್ ನದಿ ಸಂರಕ್ಷಿತ ತಾಣ. ಬಡಾವಣೆಯ ನೀರನ್ನು ಇಂಗಿಸಿ ಶೋಧಿಸಿ ಬಿಡುವ ವ್ಯವಸ್ಥೆ ಯೋಜನೆಯಲ್ಲೇ ಇತ್ತು. 2023ರ ಜೂನ್‌ನಲ್ಲಿ ಬಂದ ಉತ್ತರ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಸಲ್ಲುವಂಥದ್ದು. ತಾಣವಿರಲಿ ಇಲ್ಲದಿರಲಿ, ಅಂಥ ಎಲ್ಲ ಕಟ್ಟಡಗಳಿಗೂ ಇರಲೇಬೇಕಾದ ಮಾಮೂಲು ವ್ಯವಸ್ಥೆಯಾದರೆ ಅದನ್ನು ಜರಡಿಯಲ್ಲೇ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಪೂರ್ಣ ಪರಿಶೀಲನೆ ಬೇಡವೆಂದು ತೀರ್ಮಾನಿಸುವ ಅಧಿಕಾರಿ, ತನಗೆ ಸಂದೇಹ ಉಳಿದಿಲ್ಲ ಏಕೆ ಎಂಬುದನ್ನು ಕಾರಣ ಸಹಿತ ಬರೆದಿರಬೇಕು.

ತಾಣಗಳ ಹೊರಗಿರುವ ಕೆಲವು ಜೀವಿಗಳಿಗೂ ಕಾನೂನಿನ ಕಾವಲಿದೆ. ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಕಟ್ಟಡ ಕಾಮಗಾರಿಯೊಂದು ಹ್ಯಾಮ್‌ಸ್ಟರ್ ಎಂಬ, ಇಲಿಯ ಬಳಗದ ಪ್ರಾಣಿಯ ಬಿಲಗಳನ್ನು ಹಾಳುಮಾಡಿತು. ಬಿಲಗಳು ಖಾಲಿಯಾಗಿದ್ದವಲ್ಲ, ದಂಡ ಏಕೆ ಎಂದು ಬಿಲ್ಡರ್ ಕಡೆಯವರು ಕೇಳಿದರು. ಪ್ರಾಣಿ ಮರಳಿ ಬರುವ ಸಂಭವ ಸಾಕಷ್ಟು ಇದ್ದರೆ ಖಾಲಿ ಬಿಲಕ್ಕೂ ರಕ್ಷಣೆಯಿದೆ ಎಂದು 2020ರಲ್ಲಿ ಲಕ್ಸೆಂಬರ್ಗ್ ಉತ್ತರಿಸಿತು.

ಸಾರಜನಕದ ಸಾಲ

ಒಂದು ತೀರ್ಪು ಇಡೀ ದೇಶದ ಕಟ್ಟಡ ಉದ್ಯಮವನ್ನು ನಿಲ್ಲಿಸಿದ್ದು ನೆದರ್‌ಲ್ಯಾಂಡ್ಸಿನಲ್ಲಿ. ಆ ಪುಟ್ಟ ದೇಶದಲ್ಲಿ ದನ, ಹಂದಿ, ಕೋಳಿ ಸಾಕಣೆ ಅತಿ ದಟ್ಟ. ಗೊಬ್ಬರ ಗಂಜಲದಿಂದ ಏಳುವ ಅಮೋನಿಯ, ವಾಹನ ಮತ್ತು ಯಂತ್ರಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಗಾಳಿಯಲ್ಲಿ ಸಾಗಿ ನೆಲಕ್ಕಿಳಿಯುತ್ತವೆ. ಹೊಲಕ್ಕೆ ಇದು ಗೊಬ್ಬರ. ಆದರೆ ಬಡ ಮಣ್ಣಿನಲ್ಲೇ ಬದುಕಲು ಒಗ್ಗಿಕೊಂಡ ಕುರುಚಲು ಬಯಲಿನ ಗಿಡಗಳಿಗೆ ಇದು ಮಾರಕ. ಹುಲ್ಲು, ತುರಿಕೆ ಗಿಡಗಳು ಕೊಬ್ಬಿ ಬೆಳೆದು ಉಳಿದವನ್ನು ನುಂಗಿಬಿಡುತ್ತವೆ.

ಡಚ್ ಸರ್ಕಾರ 2015ರಲ್ಲಿ ಒಂದು ಜಾಣ ಯೋಜನೆ ತಂದಿತು. ಮುಂದೆ ಸಾರಜನಕ ಕಡಿಮೆಯಾಗಲಿದೆ, ತಾಣಗಳ ದುರಸ್ತಿ ಆಗಲಿದೆ. ಆ ಉಳಿತಾಯವನ್ನು ಈಗಲೇ ಕೊಟ್ಟಿಗೆ, ರಸ್ತೆ, ಮನೆಗಳ ಪರವಾನಗಿಗೆ ಹಂಚೋಣ ಎಂದು. ಮುಂದಿನ ವರ್ಷದ ಫಸಲನ್ನು ನೆಚ್ಚಿ ಈ ವರ್ಷವೇ ಸಾಲ ಮಾಡಿದಂತೆ. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ಆಗುವುದೋ ಇಲ್ಲವೋ ಗೊತ್ತಿಲ್ಲದ ಲಾಭವನ್ನು ಇಂದಿನ ಹಾನಿಗೆ ಎದುರಾಗಿ ತೂಗುವಂತಿಲ್ಲ ಎಂದು ಲಕ್ಸೆಂಬರ್ಗ್ 2018ರ ನವೆಂಬರಿನಲ್ಲಿ ಹೇಳಿತು. ಅದರಂತೆ 2019ರ ಮೇ 29ರಂದು ನೆದರ್‌ಲ್ಯಾಂಡ್ಸಿನ ಉನ್ನತ ಆಡಳಿತ ನ್ಯಾಯಪೀಠ ಇಡೀ ಯೋಜನೆಯನ್ನು ಬದಿಗೆ ಸರಿಸಿತು. ಸುಮಾರು 18 ಸಾವಿರ ಕಾಮಗಾರಿಗಳು ತೂಗುಯ್ಯಾಲೆಯಲ್ಲಿ ಸಿಕ್ಕಿದವು ಎಂಬುದು ಆಗ ಪ್ರಚಾರದಲ್ಲಿದ್ದ ಅಂದಾಜು.

ಮುಂದಿನದು ರಾಜಕೀಯ. ಅಕ್ಟೋಬರಿನಲ್ಲಿ ರೈತರು ಟ್ರ್ಯಾಕ್ಟರುಗಳೊಂದಿಗೆ ಹೇಗ್ ನಗರಕ್ಕೆ ನುಗ್ಗಿದರು. ಮನೆಗಳ ಕಾಮಗಾರಿಗೆ ಒಂದಿಷ್ಟು ಅವಕಾಶ ಬಿಡಿಸಿಕೊಳ್ಳಲು ಸರ್ಕಾರ 2020ರ ಮಾರ್ಚಿನಿಂದ ಹೆದ್ದಾರಿಗಳಲ್ಲಿ ಹಗಲಿನ ವೇಗಮಿತಿಯನ್ನು ಗಂಟೆಗೆ 100 ಕಿಲೋಮೀಟರಿಗೆ ಇಳಿಸಿತು. ಕಟ್ಟಡ ಕಟ್ಟುವ ಹಂತದ ಹೊಗೆಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡವೆಂದು 2021ರಲ್ಲಿ ವಿನಾಯಿತಿ ಕೊಟ್ಟಿತು. 2022ರ ನವೆಂಬರಿನಲ್ಲಿ ಅದೇ ನ್ಯಾಯಪೀಠ ಅದನ್ನೂ ತೆಗೆದುಹಾಕಿತು. 2023ರ ಮಾರ್ಚಿನ ಪ್ರಾಂತೀಯ ಚುನಾವಣೆಯಲ್ಲಿ ರೈತರ ಪರವಾಗಿ ಹುಟ್ಟಿಕೊಂಡ ಹೊಸ ಪಕ್ಷ ಎಲ್ಲರಿಗಿಂತ ಮುಂದೆ ಬಂದಿತು. ಮನೆ ಬೇಕಾದವರು ಈ ಗಲಾಟೆಯ ನಡುವೆ ಕಾಯುತ್ತಲೇ ಇದ್ದರು.

ಸಾಮರ್ಸೆಟ್‌ನ 650 ಮನೆಗಳು

ಡಚ್ ತೀರ್ಪಿನ ಅಲೆ ಕಡಲು ದಾಟಿ ಇಂಗ್ಲೆಂಡಿಗೆ ಬಂದಾಗ ಸಾರಜನಕದ ಜೊತೆಗೆ ರಂಜಕವೂ ಲೆಕ್ಕಕ್ಕೆ ಬಂತು. ಹೊಸ ಮನೆಯ ಶೌಚದ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿ ಪೂರ್ತಿ ತೆಗೆಯಲಾಗದ ರಂಜಕ ಹೊಳೆ ಸೇರುತ್ತದೆ. ಹೊಳೆಯಲ್ಲಿ ಪಾಚಿ ಹಬ್ಬಿ, ನೀರಿನೊಳಗಿನ ಸಣ್ಣ ಜೀವಿಗಳು ಬೆಳಕೂ ಉಸಿರೂ ಇಲ್ಲದೆ ಸಾಯುತ್ತವೆ. ಹೊಸ ಮನೆಯಿಂದ ಸೇರುವಷ್ಟು ಪೋಷಕಾಂಶವನ್ನು ಬೇರೆಲ್ಲಾದರೂ ತಗ್ಗಿಸಿ ತೋರಿಸಬೇಕು ಎಂದು ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಲಹಾ ಸಂಸ್ಥೆ ಸೂಚಿಸಿತು. ಜಮೀನಿನ ಬೇಸಾಯ ಬಿಡಿಸುವುದು, ಜೌಗು ಕೊಳ ನಿರ್ಮಿಸುವುದು ಮೊದಲಾದವು ದಾರಿಗಳು. 2022ರ ಹೊತ್ತಿಗೆ 74 ಸ್ಥಳೀಯ ಆಡಳಿತಗಳು ಈ ಸೂಚನೆಯೊಳಗೆ ಬಂದವು. ಒಂದು ಲಕ್ಷಕ್ಕೂ ಹೆಚ್ಚು ಮನೆ ನಿಂತಿವೆ ಎಂದು ಬಿಲ್ಡರುಗಳ ಒಕ್ಕೂಟ ದೂರಿತು. ನಿಯಮ ಸಡಿಲಿಸಲು ಸರ್ಕಾರ ತಂದ ತಿದ್ದುಪಡಿಯನ್ನು 2023ರ ಸೆಪ್ಟೆಂಬರಿನಲ್ಲಿ ಮೇಲ್ಮನೆ ಸೋಲಿಸಿತು.

ಸಾಮರ್ಸೆಟ್ ಪ್ರಾಂತ್ಯದ ವೆಲ್ಲಿಂಗ್ಟನ್ ಪಟ್ಟಣದ ಕತೆ ಇಡೀ ವಿವಾದದ ಸಂಕಟವನ್ನು ತೋರಿಸುತ್ತದೆ. ಅಲ್ಲಿ 650 ಮನೆಗಳಿಗೆ 2015ರಲ್ಲೇ ಮೂಲ ಅನುಮತಿ ಸಿಕ್ಕಿತ್ತು. ಅದರ ಒಂದು ಹಂತದ 190 ಮನೆಗಳ ವಿವರಗಳಿಗೆ 2020ರ ಜೂನ್‌ನಲ್ಲಿ ಒಪ್ಪಿಗೆಯೂ ಆಯಿತು. ಎರಡೇ ತಿಂಗಳಲ್ಲಿ ರಂಜಕದ ಸೂಚನೆ ಬಂತು. ಕೆಲಸ ಆರಂಭಿಸುವ ಮುನ್ನ ಪೂರೈಸಬೇಕಾದ ಷರತ್ತುಗಳಿಗೆ ಒಪ್ಪಿಗೆ ಕೊಡಲು ಆಡಳಿತ ನಿರಾಕರಿಸಿತು. ಅನುಮತಿ ಕೊಟ್ಟಾಗಿದೆ, ಈಗ ಹೊಸ ಪರಿಶೀಲನೆ ಏಕೆ ಎಂದು ಕೋರ್ಟಿಗೆ ಹೋದದ್ದು ಈ ಬಾರಿ ಬಿಲ್ಡರ್. 2023ರಲ್ಲಿ ಹೈಕೋರ್ಟಿನಲ್ಲಿ, 2024ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಅವರು ಸೋತರು.

2025ರ ಅಕ್ಟೋಬರ್ 22ರಂದು ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಯುರೋಪಿನ ಕಾನೂನಿನಡಿ ಗುರುತಿಸಿದ ತಾಣವಾದರೆ, ಷರತ್ತು ಪೂರೈಸುವ ಕೊನೆಯ ಹಂತದಲ್ಲೂ ಪರಿಶೀಲನೆ ಕೇಳಬಹುದು. ಮೊದಲ ಹಂತದಲ್ಲಿ ಗೊತ್ತಿರದ ಅಪಾಯ ಆಮೇಲೆ ತಿಳಿದರೆ ಕಣ್ಣುಮುಚ್ಚಿಕೊಳ್ಳಬೇಕಾಗಿಲ್ಲ. ಆದರೆ ವೆಲ್ಲಿಂಗ್ಟನ್ ಪ್ರಕರಣದ ಜೌಗು ನೆಲ 1971ರ ರಾಮ್ಸಾರ್ ಅಂತರರಾಷ್ಟ್ರೀಯ ಒಪ್ಪಂದದಡಿ ಗುರುತಿಸಿದ ತಾಣ. ಅದಕ್ಕೂ ಅದೇ ರಕ್ಷಣೆ ಎಂಬುದು ಸರ್ಕಾರದ ನೀತಿಯಾಗಿತ್ತೇ ಹೊರತು ನಿಯಮಾವಳಿಯಲ್ಲಿ ಇರಲಿಲ್ಲ. ಕಾನೂನು ಕೊಟ್ಟ ಹಕ್ಕನ್ನು ನೀತಿಯಿಂದ ಕಿತ್ತುಕೊಳ್ಳಲಾಗದು. ಬಿಲ್ಡರ್ ಗೆದ್ದರು, ಐದು ವರ್ಷ ಕಳೆದ ಮೇಲೆ.

ದಾವೆಯ ಖರ್ಚು

ಇಂಥ ದಾವೆ ಹೂಡುವವರು ಹೆಚ್ಚಾಗಿ ಅಕ್ಕಪಕ್ಕದ ನಿವಾಸಿಗಳು ಇಲ್ಲವೇ ಸಣ್ಣ ಸಂಘಗಳು. ಇಂಗ್ಲೆಂಡ್, ಐರ್ಲೆಂಡುಗಳಲ್ಲಿ ಸೋತವನೇ ಗೆದ್ದವನ ವೆಚ್ಚವನ್ನೂ ಕೊಡುವುದು ವಾಡಿಕೆ. ಈ ಭಯದಿಂದಲೇ ಜನ ಹಿಂಜರಿಯುತ್ತಿದ್ದರು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ 1998ರ ಜೂನ್‌ನಲ್ಲಿ ಆದ ಒಪ್ಪಂದ, ಪರಿಸರದ ವಿಷಯದಲ್ಲಿ ನ್ಯಾಯ ಕೇಳುವುದು ಕೈಗೆಟುಕದಷ್ಟು ದುಬಾರಿಯಾಗಬಾರದು ಎಂದು ಸಾರಿತು. ಅದರ ಫಲವಾಗಿ ಇಂಗ್ಲೆಂಡಿನಲ್ಲಿ 2013ರಲ್ಲಿ ಮಿತಿ ಬಂತು: ಸೋತ ಅರ್ಜಿದಾರ ಒಬ್ಬ ವ್ಯಕ್ತಿಯಾದರೆ 5 ಸಾವಿರ ಪೌಂಡ್, ಸಂಸ್ಥೆಯಾದರೆ 10 ಸಾವಿರ ಪೌಂಡ್. ನ್ಯಾಯಾಲಯ ಇದನ್ನು ಬದಲಿಸಬಹುದಾದರೂ ಲೆಕ್ಕ ಶುರುವಾಗುವುದು ಅಲ್ಲಿಂದ. ಐರ್ಲೆಂಡಿನ ಗಾಲ್ವೇ ಬಳಿ 197 ಮನೆಗಳ ಯೋಜನೆಯ ವಿರುದ್ಧದ ದಾವೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಈ ವೆಚ್ಚದ ರಕ್ಷಣೆಯನ್ನು ವಿಶಾಲವಾಗಿ ಅರ್ಥೈಸಿತು.

ಐರ್ಲೆಂಡ್ ಇನ್ನೊಂದು ಪಾಠವನ್ನೂ ಕಲಿಸಿತು. ಮನೆಗಳ ಕೊರತೆ ನೀಗಿಸಲು ಅಲ್ಲಿನ ಸರ್ಕಾರ 2017ರಿಂದ ನೂರು ಅಥವಾ ಹೆಚ್ಚು ಮನೆಗಳ ಯೋಜನೆಗಳನ್ನು ಸ್ಥಳೀಯ ಆಡಳಿತದ ಬದಲು ನೇರವಾಗಿ ರಾಷ್ಟ್ರೀಯ ಮಂಡಳಿಗೆ ಒಯ್ಯುವ ಅವಸರದ ದಾರಿ ತೆರೆಯಿತು. ಮೇಲ್ಮನವಿಯ ಹಂತವೇ ಇಲ್ಲದಾಯಿತು. ತಕರಾರು ಇದ್ದವರಿಗೆ ಉಳಿದದ್ದು ಹೈಕೋರ್ಟ್ ಒಂದೇ. ದಾವೆಗಳು ಸಾಲುಗಟ್ಟಿದವು, ಅನೇಕ ಅನುಮತಿಗಳು ಬಿದ್ದವು. 2021ರ ಡಿಸೆಂಬರಿನಲ್ಲಿ ಆ ವ್ಯವಸ್ಥೆಯನ್ನು ಬದಲಿಸಿ ಮತ್ತೆ ಸ್ಥಳೀಯ ಆಡಳಿತದಿಂದಲೇ ಆರಂಭಿಸುವಂತೆ ಮಾಡಲಾಯಿತು.

ಎರಡು ಕಡೆಯ ಮಾತು

ಬಿಲ್ಡರುಗಳ ಅಳಲಿನಲ್ಲಿ ಸುಳ್ಳಿಲ್ಲ. ಹೊಳೆಗೆ ಸೇರುವ ರಂಜಕದ ಬಹುಪಾಲು ಬರುವುದು ಬೇಸಾಯದಿಂದ ಮತ್ತು ಹಳೆಯ ಶುದ್ಧೀಕರಣ ಘಟಕಗಳಿಂದ. ನೆದರ್‌ಲ್ಯಾಂಡ್ಸಿನ ಸಾರಜನಕದಲ್ಲಿ ಅತಿ ದೊಡ್ಡ ಪಾಲು ಕೊಟ್ಟಿಗೆಗಳದ್ದು. ಕೊನೆಯಲ್ಲಿ ಬಂದ ಹೊಸ ಮನೆ ಎಲ್ಲರ ಪಾಪವನ್ನೂ ಹೊರಬೇಕಾಗಿದೆ. ಏಕೆಂದರೆ ಅನುಮತಿ ಕೇಳಿ ಬಾಗಿಲು ತಟ್ಟುವುದು ಅದೊಂದೇ. ತಕರಾರುದಾರರೆಲ್ಲ ಹಕ್ಕಿಯ ಪ್ರೀತಿಯಿಂದಲೇ ಬರುತ್ತಾರೆ ಎನ್ನುವಂತೆಯೂ ಇಲ್ಲ. ತಮ್ಮ ಕಿಟಕಿಯ ನೋಟ ಕೆಡಬಾರದೆಂದು ಬರುವವರೂ ಇದ್ದಾರೆ.

ಪರಿಸರದ ಪರ ಇರುವವರ ಉತ್ತರವೂ ಹಗುರವಲ್ಲ. ಬೇಸಾಯ, ಚರಂಡಿಗಳನ್ನು ಸರಿಪಡಿಸುವುದನ್ನು ಸರ್ಕಾರಗಳು ದಶಕಗಳ ಕಾಲ ಮುಂದೂಡಿದ್ದರಿಂದಲೇ ಹೊಳೆಯ ತಾಳಿಕೆ ತೀರಿದೆ. ತುಂಬಿದ ಕೊಡಕ್ಕೆ ಇನ್ನೊಂದು ಹನಿ ಹಾಕುವಾಗಲಾದರೂ ಕೇಳದಿದ್ದರೆ ಮತ್ತೆ ಕೇಳುವುದು ಯಾವಾಗ? ಮನೆ ಎದ್ದು ಜನ ಬಂದು ನೆಲೆಸಿದ ಮೇಲೆ ಪರಿಶೀಲಿಸುವುದೆಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇಂಗ್ಲೆಂಡ್ 2025ರ ಕಾಯ್ದೆಯೊಂದರ ಮೂಲಕ ಬೇರೆ ದಾರಿ ಹಿಡಿದಿದೆ. ಪ್ರತಿ ಬಿಲ್ಡರ್ ಪ್ರತ್ಯೇಕವಾಗಿ ಪರಿಹಾರ ಹುಡುಕುವ ಬದಲು ಒಂದು ನಿಧಿಗೆ ಹಣ ಕಟ್ಟುವುದು, ಸರ್ಕಾರಿ ಸಂಸ್ಥೆ ಆ ಹಣದಿಂದ ಇಡೀ ಪ್ರದೇಶದ ನಿಸರ್ಗವನ್ನು ದುರಸ್ತಿ ಮಾಡುವುದು. ಒಳ್ಳೆಯದಾದರೆ ಮನೆಯೂ ಏಳುತ್ತದೆ, ಹೊಳೆಯೂ ಉಳಿಯುತ್ತದೆ. ದುರಸ್ತಿಯ ಭರವಸೆ ಮುಂದೆ, ಹಾನಿ ಈಗಲೇ ಎಂಬಂತಾದರೆ ನೆದರ್‌ಲ್ಯಾಂಡ್ಸಿನ ಸಾಲದ ಕತೆಯೇ ಮರುಕಳಿಸಬಹುದೆಂಬ ಆತಂಕವೂ ಇದೆ.

ಗಮನಿಸಬೇಕಾದ ಸಂಗತಿ ಒಂದಿದೆ. ಫುಲಂನಿಂದ ವೆಲ್ಲಿಂಗ್ಟನ್‌ವರೆಗೆ ಈ ವ್ಯಾಜ್ಯಗಳಲ್ಲಿ ಯಾವ ನ್ಯಾಯಪೀಠವೂ ಮನೆ ಕಟ್ಟಲೇಬಾರದು ಎಂದು ಹೇಳಿಲ್ಲ. ಕಟ್ಟುವ ಜಾಗವನ್ನೂ ಅವು ಗೊತ್ತುಮಾಡಿಲ್ಲ. ಪ್ರತಿ ಸಲವೂ ಕೇಳಿದ್ದು, ಸಹಿ ಬಿದ್ದ ದಿನ ಕಡತದಲ್ಲಿ ಏನಿತ್ತು ಎಂದು. ಥೇಮ್ಸ್ ಕಣಿವೆಯ ಬಯಲಿನ ಸುತ್ತ ಆ ಕಡತವನ್ನು ಮೊದಲೇ ತುಂಬಿಸುವ ದಾರಿ ಕಂಡುಕೊಂಡರು. ಹೊಸ ಬಡಾವಣೆಗಳ ಜನ ಇಂದು ಬೇರೆ ಹಸಿರು ಜಾಗದಲ್ಲಿ ನಾಯಿಯೊಂದಿಗೆ ಅಡ್ಡಾಡುತ್ತಾರೆ, ನೈಟ್‌ಜಾರ್ ತನ್ನ ಬಯಲಿನಲ್ಲಿ ಮೊಟ್ಟೆಗೆ ಕಾವು ಕೊಡುತ್ತದೆ.